ಒಬ್ಬರೇ ಹುರಿಯಾಳು, ಎರಡು ಲೆಕ್ಕ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳು ಹೇಳುವ ಕತೆ

2019ರ ಲೋಕಸಭಾ ಚುನಾವಣೆಗೆ ಮುನ್ನ ವಿಜಯಪುರ ಕ್ಷೇತ್ರದಲ್ಲಿ ಬಿಜೆಪಿಯನ್ನು ಸೋಲಿಸಬಹುದು ಎಂದು ಹೇಳಲು ಒಂದು ಸಾದಾ ಕೂಡುವ ಲೆಕ್ಕ ಸಾಕಿತ್ತು. ಹಿಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಕ್ಷೇತ್ರದ ಎಂಟು ಸ್ಥಾನಗಳ ಪೈಕಿ ಕಾಂಗ್ರೆಸ್ ಮೂರು, ಜೆಡಿಎಸ್ ಎರಡು, ಬಿಜೆಪಿ ಮೂರು ಗೆದ್ದಿದ್ದವು. ಕಾಂಗ್ರೆಸ್ಸು ಮತ್ತು ಜೆಡಿಎಸ್ ಸೇರಿ ಒಬ್ಬರನ್ನೇ ನಿಲ್ಲಿಸಿದವು. ಸ್ಥಾನ ಜೆಡಿಎಸ್ ಪಾಲಿಗೆ ಬಂತು, ನಾಗಠಾಣದ ಆಗಿನ ಶಾಸಕ ದೇವಾನಂದ ಚವ್ಹಾಣರ ಪತ್ನಿ ಸುನೀತಾ ಚವ್ಹಾಣ ಹುರಿಯಾಳಾದರು. ಎದುರಿಗಿದ್ದವರು 2009ರಿಂದ ಗೆಲ್ಲುತ್ತ ಬಂದಿದ್ದ, ಕೇಂದ್ರದಲ್ಲಿ ಮಂತ್ರಿಯೂ ಆಗಿದ್ದ ರಮೇಶ ಜಿಗಜಿಣಗಿ. ಎಣಿಕೆ ಮುಗಿದಾಗ ಜಿಗಜಿಣಗಿಯವರ ಗೆಲುವಿನ ಅಂತರ ಎರಡೂವರೆ ಲಕ್ಷ ಮತ ದಾಟಿತ್ತು.

ಐದು ವರ್ಷದ ಬಳಿಕ ಜೆಡಿಎಸ್ ಬಿಜೆಪಿಯ ಕೈ ಹಿಡಿದಿತ್ತು. 2024ರಲ್ಲಿ ಕಾಂಗ್ರೆಸ್ಸಿನ ರಾಜು ಆಲಗೂರ ಜಿಗಜಿಣಗಿಯವರ ಎದುರು ಜೊತೆಗಾರರಿಲ್ಲದೆ ಸೆಣಸಿದರು. ಸೋತರು, ನಿಜ. ಆದರೆ ಈ ಸಲದ ಅಂತರ ಸುಮಾರು 77 ಸಾವಿರ. ಎದುರಾಳಿಗಳು ಒಗ್ಗಟ್ಟಾಗಿದ್ದಾಗ ಎರಡೂವರೆ ಲಕ್ಷ, ಒಗ್ಗಟ್ಟು ಮುರಿದ ಮೇಲೆ ಮುಕ್ಕಾಲು ಲಕ್ಷ! ಬೇರೂರಿದ ಅಧಿಕಾರದ ಎದುರು ಪ್ರತಿಪಕ್ಷಗಳೆಲ್ಲ ಒಬ್ಬರ ಬೆನ್ನಿಗೆ ನಿಂತರೆ ಸಾಕು ಎಂದು ನಂಬಿದವರು ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು.

ಹಾಗಂತ ಒಗ್ಗಟ್ಟಿನ ವಾದವೇ ಪೊಳ್ಳು ಎನ್ನುವಂತಿಲ್ಲ. ನಮ್ಮ ಚುನಾವಣೆಯ ಕಟ್ಟಳೆ ಹಾಗಿದೆ: ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಪಕ್ಕದವರಿಗಿಂತ ಒಂದು ಮತ ಹೆಚ್ಚು ಬಿದ್ದರೆ ಸಾಕು. 2018ರಲ್ಲಿ ಇಂಡಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಯಶವಂತರಾಯಗೌಡ ಪಾಟೀಲರಿಗೆ 50,401 ಮತ ಬಿದ್ದವು. ಜೆಡಿಎಸ್‌ನ ಬಿ.ಡಿ. ಪಾಟೀಲರಿಗೆ 40,463, ಬಿಜೆಪಿಯ ದಯಾಸಾಗರ ಪಾಟೀಲರಿಗೆ 38,941. ಗೆದ್ದವರಿಗೆ ಐವತ್ತು ಸಾವಿರ, ಅವರ ಎದುರಿನ ಇಬ್ಬರಿಗೇ ಸುಮಾರು ಎಂಬತ್ತು ಸಾವಿರ. ಬಸವನ ಬಾಗೇವಾಡಿಯಲ್ಲಿ ಪೈಪೋಟಿ ಇನ್ನೂ ಬಿಗಿಯಾಗಿತ್ತು. ಕಾಂಗ್ರೆಸ್ಸಿನ ಶಿವಾನಂದ ಪಾಟೀಲರಿಗೆ 58,647, ಜೆಡಿಎಸ್‌ನ ಸೋಮನಗೌಡ ಉರ್ಫ್ ಅಪ್ಪುಗೌಡ ಪಾಟೀಲ ಮನಗೂಳಿಯವರಿಗೆ 55,461. ನಡುವಿನ ಅಂತರ 3,186. ಮೂರನೆಯ ಸ್ಥಾನಕ್ಕಿಳಿದ ಬಿಜೆಪಿಯ ಸಂಗರಾಜ ದೇಸಾಯಿಯವರಿಗೆ ಬಿದ್ದ ಮತ ಆ ಅಂತರದ ಹಲವು ಪಟ್ಟಿತ್ತು.

‘ಮೂರ ಮಂದಿ ನಿಂತ್ರ ಇದ್ದವ್ರಿಗೇ ಲಾಭ’ ಎಂದು ಊರ ಕಟ್ಟೆಯ ಮೇಲೆ ಕೂತವರು ಆಡುವ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆದರೆ ಅದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ಓದಿದರೆ 2019ರ ಸೋಲಿನ ಬೇರು ಕಾಣುತ್ತದೆ. ಇಂಡಿಯಲ್ಲಿ, ಬಸವನ ಬಾಗೇವಾಡಿಯಲ್ಲಿ, ನಾಗಠಾಣದಲ್ಲಿ 2018ರ ಮೊದಲ ಎರಡು ಸ್ಥಾನಕ್ಕೆ ಕಾದಾಡಿದವರು ಕಾಂಗ್ರೆಸ್ ಮತ್ತು ಜೆಡಿಎಸ್‌ನವರೇ. ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ, ಹಲವೆಡೆ ಒಂದೇ ಮನೆತನದಲ್ಲಿ ಎರಡು ಪಾಳೆಯ ಕಟ್ಟಿಕೊಂಡವರು. ಗ್ರಾಮ ಪಂಚಾಯ್ತಿಯಿಂದ ಕೃಷಿ ಪತ್ತಿನ (ಪಿಕೆಪಿಎಸ್) ಸೊಸೈಟಿಯವರೆಗೆ ಇವರ ಗುದ್ದಾಟ ಮುಗಿಯುವಂಥದಲ್ಲ. ಅಂಥವರಿಗೆ ಮೇಲಿನವರು ಬೆಂಗಳೂರಿನಲ್ಲಿ ಕೈಕುಲುಕಿ, ವರ್ಷ ತುಂಬುವುದರೊಳಗೆ ‘ಇನ್ನು ಮುಂದೆ ನೀವು ಒಂದೇ’ ಎಂದುಬಿಟ್ಟರು. ಮತಗಟ್ಟೆಯಲ್ಲಿ ಯಂತ್ರದ ಮುಂದೆ ನಿಂತ ಹಳೆಯ ಕಾಂಗ್ರೆಸ್ಸಿಗರು ಹಸ್ತದ ಗುರುತು ಹುಡುಕಿದರೆ ಅದು ಇರಲಿಲ್ಲ. ತೆನೆ ಹೊತ್ತ ಮಹಿಳೆಯ ಮುಂದಿನ ಗುಂಡಿ ಒತ್ತಬೇಕಿತ್ತು, ಹೋದ ವರ್ಷ ತಮ್ಮ ನಾಯಕನನ್ನು ಸೋಲಿಸಲು ಹೊರಟಿದ್ದ ಗುರುತು ಅದು. ಆ ಕ್ಷಣದಲ್ಲಿ ಎಷ್ಟು ಬೆರಳು ಬೇರೆ ಕಡೆ ಸರಿದವು ಎಂಬುದಕ್ಕೆ ಎರಡೂವರೆ ಲಕ್ಷದ ಅಂತರವೇ ಸಾಕ್ಷಿ. ದೇಶದ ಉದ್ದಗಲಕ್ಕೂ ಬೀಸುತ್ತಿದ್ದ ಮೋದಿ ಹವಾ ಬೇರೆ.

ಇದು ಒಂದೇ ಕ್ಷೇತ್ರದ ಪಾಡಾಗಿರಲಿಲ್ಲ. 2018ರ ಮೇ 23ರಂದು ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿ ಪ್ರಮಾಣವಚನ ಸ್ವೀಕರಿಸಿದಾಗ ಸೋನಿಯಾ ಗಾಂಧಿ, ಮಮತಾ ಬ್ಯಾನರ್ಜಿ, ಮಾಯಾವತಿ, ಅಖಿಲೇಶ್ ಯಾದವ್, ಚಂದ್ರಬಾಬು ನಾಯ್ಡು ಒಂದೇ ವೇದಿಕೆಯಲ್ಲಿ ಕೈ ಎತ್ತಿ ನಿಂತಿದ್ದರು. ಆ ವರ್ಷದ ನವೆಂಬರ್ ಉಪಚುನಾವಣೆಗಳಲ್ಲಿ ಮೈತ್ರಿ ಫಲ ಕೊಟ್ಟಂತೆಯೂ ಕಂಡಿತು. ಬಳ್ಳಾರಿ ಲೋಕಸಭಾ ಕ್ಷೇತ್ರ ಕಾಂಗ್ರೆಸ್ಸಿಗೆ ಬಂತು, ನೆರೆಯ ಜಮಖಂಡಿಯಲ್ಲಿ ಆನಂದ ನ್ಯಾಮಗೌಡ 39 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಆರು ತಿಂಗಳು ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 25 ಬಿಜೆಪಿಗೆ ಹೋದವು, ಕಾಂಗ್ರೆಸ್ಸಿಗೆ ಒಂದು, ಜೆಡಿಎಸ್‌ಗೆ ಒಂದು. ತುಮಕೂರಿನಲ್ಲಿ ದೇವೇಗೌಡರು, ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ ಸೋತರು. ಒಂದೇ ಹುರಿಯಾಳಿನ ತಂತ್ರ ನಿಜವಾಗಿ ಫಲಿಸಿದ್ದು ಉಳಿದ ಆ ಒಂದು ಸ್ಥಾನದಲ್ಲಿ, ಅದೂ ಮೈತ್ರಿಕೂಟದ ವಿರುದ್ಧವೇ. ಮಂಡ್ಯದಲ್ಲಿ ಮುಖ್ಯಮಂತ್ರಿಯ ಮಗ ನಿಖಿಲ್ ಎದುರು ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ ಅವರಿಗೆ ಬಿಜೆಪಿ ಬೆಂಬಲ ಸಾರಿ ತನ್ನ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. ಸ್ಥಳೀಯ ಕಾಂಗ್ರೆಸ್ಸಿಗರಲ್ಲಿ ಹಲವರು ಬಹಿರಂಗವಾಗಿಯೇ ಅವರ ಜೊತೆ ಓಡಾಡಿದರು. ಸವಾ ಲಕ್ಷ ಮತಗಳ ಗೆಲುವು ಅದು. ಅಲ್ಲಿ ಒಗ್ಗಟ್ಟು ಊರುಗಳಲ್ಲಿ ಮೊದಲು ಹುಟ್ಟಿತ್ತು, ಪಕ್ಷದ ಕಚೇರಿಗಳು ಅದರ ಹಿಂದೆ ಬಂದವು.

ಕರ್ನಾಟಕದ ಮಟ್ಟಿಗೆ ಒಗ್ಗಟ್ಟಿನ ಈ ವಾದದ ತಳಪಾಯ 1983ರಲ್ಲಿದೆ. ಅದುವರೆಗೆ ರಾಜ್ಯದಲ್ಲಿ ಕಾಂಗ್ರೆಸ್ಸಿನದಲ್ಲದ ಸರ್ಕಾರ ಬಂದಿರಲಿಲ್ಲ. ವಿರೋಧಿಗಳು ಒಂದಾಗುವ ಪ್ರಯತ್ನ ಮೊದಲೂ ನಡೆದಿತ್ತು. 1977ರಲ್ಲಿ ಜನತಾ ಪಕ್ಷ ದೆಹಲಿಯ ಗದ್ದುಗೆ ಹಿಡಿದಾಗಲೂ ಕರ್ನಾಟಕದ 28 ಸ್ಥಾನಗಳಲ್ಲಿ 26 ಇಂದಿರಾ ಗಾಂಧಿಯವರ ಕಡೆಗೇ ನಿಂತವು. 1978ರ ವಿಧಾನಸಭಾ ಚುನಾವಣೆಯಲ್ಲಿ ಜನತಾ ಪಕ್ಷ ಸುಮಾರು ಶೇ. 38ರಷ್ಟು ಮತ ಪಡೆದೂ 59 ಸ್ಥಾನಕ್ಕೆ ತೃಪ್ತಿಪಡಬೇಕಾಯಿತು, ದೇವರಾಜ ಅರಸರ ಕಾಂಗ್ರೆಸ್ (ಐ)ಗೆ 149 ಸ್ಥಾನ. ಒಂದಾಗಿದ್ದರು, ಆದರೆ ಆಳುವವರ ಮೇಲೆ ಜನಕ್ಕೆ ಮುನಿಸಿರಲಿಲ್ಲ.

ಆ ಮುನಿಸು ಬಂದದ್ದು ಮುಖ್ಯಮಂತ್ರಿ ಗುಂಡೂರಾವ್ ಕಾಲದಲ್ಲಿ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿಯ ಮೇಲೆ ಗುಂಡು ಹಾರಿತು. ಅದರ ಕಿಚ್ಚು ಉತ್ತರ ಕರ್ನಾಟಕದ ತುಂಬ ಹಬ್ಬಿತು, ರೈತ ಸಂಘ ಮೈದಾಳಿತು. 1982ರಲ್ಲಿ ಗೋಕಾಕ್ ವರದಿಗಾಗಿ ರಾಜಕುಮಾರ್ ಬೀದಿಗಿಳಿದರು. ಇತ್ತ ಕಾಂಗ್ರೆಸ್ ಬಿಟ್ಟ ಅರಸರು ಕ್ರಾಂತಿರಂಗ ಕಟ್ಟಿ, ಆ ವರ್ಷದ ಜೂನ್‌ನಲ್ಲಿ ತೀರಿಕೊಂಡರು. ಅದರ ನೇತೃತ್ವ ವಹಿಸಿದ ಬಂಗಾರಪ್ಪ ಜನತಾ ಪಕ್ಷದ ಜೊತೆ ಒಂದಾಗಿ ಚುನಾವಣೆಗೆ ಹೋದರು. 1983ರ ಜನವರಿಯಲ್ಲಿ ಫಲಿತಾಂಶ ಬಂತು: ಜನತಾ ರಂಗ 95, ಕಾಂಗ್ರೆಸ್ 82, ಬಿಜೆಪಿ 18. ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಸೋತರು.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಸಂಗತಿಯಿದೆ. ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ಶೇ. 40ರಷ್ಟು ಮತ, ಜನತಾ ರಂಗಕ್ಕೆ ಶೇ. 33. ಅಂದರೆ ಗೆದ್ದವರಿಗಿಂತ ಸೋತವರಿಗೇ ಹೆಚ್ಚು ಮತ. ಜನತಾ ಪಕ್ಷದ ಪಾಲು 1978ಕ್ಕಿಂತ ಇಳಿದಿತ್ತು, ಸ್ಥಾನಗಳು ಮಾತ್ರ 59ರಿಂದ 95ಕ್ಕೆ ಏರಿದ್ದವು. ಮತ ಎಷ್ಟು ಎಂಬುದಕ್ಕಿಂತ ಎಲ್ಲಿ ಬಿತ್ತು, ಯಾರ ಸುತ್ತ ಕೂಡಿಕೊಂಡಿತು ಎಂಬುದು ಮುಖ್ಯವಾಯಿತು. ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟವು. ಮುಖ್ಯಮಂತ್ರಿಯ ಕುರ್ಚಿಗೆ ಬಂಗಾರಪ್ಪನವರ ಹೆಸರು ಮುಂದಿದ್ದರೂ ಕೊನೆಗೆ ಕೂತವರು ಶಾಸಕರೇ ಅಲ್ಲದಿದ್ದ ರಾಮಕೃಷ್ಣ ಹೆಗಡೆ. ಅಲ್ಲಿಂದಲೇ ರಂಗದೊಳಗೆ ಬಿರುಕು ಶುರುವಾಯಿತು.

ಜನತಾ ಪರಿವಾರ ಒಡೆದಾಗ ಏನಾಯಿತೆಂಬುದೂ ದಾಖಲಾಗಿದೆ. 1989ರಲ್ಲಿ ಜನತಾದಳ ಶೇ. 27, ಅದರಿಂದ ಬೇರೆಯಾದ ಜನತಾ ಪಕ್ಷ ಶೇ. 11 ಮತ ಪಡೆದವು. ಇಬ್ಬರಿಗೂ ಸೇರಿ ದಕ್ಕಿದ್ದು 26 ಸ್ಥಾನ, ವೀರೇಂದ್ರ ಪಾಟೀಲರ ಕಾಂಗ್ರೆಸ್ಸಿಗೆ 178.

ಕೀನ್ಯಾ ದೇಶದ ಅನುಭವ ಇದಕ್ಕೆ ಬಹಳ ಹತ್ತಿರದ್ದು. ಅಲ್ಲಿ 1992 ಮತ್ತು 1997ರ ಚುನಾವಣೆಗಳಲ್ಲಿ ವಿರೋಧಿಗಳು ಚೆಲ್ಲಾಪಿಲ್ಲಿಯಾಗಿ ನಿಂತದ್ದರಿಂದ ಅರ್ಧಕ್ಕಿಂತ ಬಹಳ ಕಡಿಮೆ ಮತ ಪಡೆದೂ ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ ಕುರ್ಚಿ ಉಳಿಸಿಕೊಂಡರು. 2002ರಲ್ಲಿ ಮೊಯಿ ಹಿಂದೆ ಸರಿದಾಗ ವಿರೋಧಿಗಳಲ್ಲಿ ಬಹುತೇಕರು ಮ್ವಾಯಿ ಕಿಬಾಕಿ ಬೆನ್ನಿಗೆ ನಿಂತು, ಸ್ವಾತಂತ್ರ್ಯ ಬಂದಾಗಿನಿಂದ ಆಳುತ್ತಿದ್ದ ಪಕ್ಷವನ್ನು ಇಳಿಸಿದರು. ಹಂಗೆರಿಯದು ತದ್ವಿರುದ್ಧ. 2022ರ ಚುನಾವಣೆಗೆ ಆರು ಪಕ್ಷಗಳು ಮೊದಲೇ ಒಳಚುನಾವಣೆ ನಡೆಸಿ ಪೀಟರ್ ಮಾರ್ಕಿ-ಝಾಯ್ ಎಂಬ ಒಬ್ಬರನ್ನೇ ಆರಿಸಿಕೊಂಡವು. ಆದರೂ ಅಧಿಕಾರದಲ್ಲಿದ್ದ ವಿಕ್ಟರ್ ಓರ್ಬಾನ್ ಮೂರನೆಯ ಎರಡರಷ್ಟು ಬಹುಮತದೊಂದಿಗೆ ಮರಳಿದರು.

ಮತ್ತೆ ನಮ್ಮ ಕಡೆ ಬರೋಣ. ವಿಜಯಪುರದ ಈ ಸೀಮೆಯ ಜನಕ್ಕೆ ಪಕ್ಷದ ಹಂಗು ಮೊದಲಿನಿಂದಲೂ ಕಡಿಮೆ. 1957ರಲ್ಲೇ ಬಿಜಾಪುರ ಉತ್ತರದಿಂದ ಪಕ್ಷೇತರ ಮುರಿಗೆಪ್ಪ ಸುಗಂಧಿಯವರನ್ನು ಲೋಕಸಭೆಗೆ ಕಳಿಸಿದವರು, 1967ರಲ್ಲಿ ಸ್ವತಂತ್ರ ಪಕ್ಷದ ಜಿ.ಡಿ. ಪಾಟೀಲರನ್ನು ಆರಿಸಿದವರು. ಇಂಡಿಯಲ್ಲಿ ರವಿಕಾಂತ ಪಾಟೀಲರು 1994, 1999, 2004ರಲ್ಲಿ ಸತತ ಮೂರು ಸಲ ಗೆದ್ದದ್ದು ಪಕ್ಷೇತರರಾಗಿಯೇ. ಯಾವ ಪಕ್ಷದ ಒಪ್ಪಂದವೂ ಇಲ್ಲದೆ, ಯಾವ ವೇದಿಕೆಯ ಮೇಲೂ ಕೈ ಎತ್ತದೆ, ಊರುಗಳೇ ಒಬ್ಬರನ್ನು ಆರಿಸಿಕೊಂಡಿದ್ದವು.

ಮುದ್ದೇಬಿಹಾಳದಲ್ಲಿ 2018ರಲ್ಲಿ ನಡೆದದ್ದೂ ಇಂಥದೇ. ಕಾಂಗ್ರೆಸ್ಸಿನ ಸಿ.ಎಸ್. ನಾಡಗೌಡ, ಜನರ ಬಾಯಲ್ಲಿ ಅಪ್ಪಾಜಿ ನಾಡಗೌಡರು, 1999ರಿಂದ ಸತತ ನಾಲ್ಕು ಸಲ ಗೆದ್ದಿದ್ದರು. ದೇವರಹಿಪ್ಪರಗಿಯಲ್ಲಿ ಕಾಂಗ್ರೆಸ್ಸಿನಿಂದಲೇ ಎರಡು ಸಲ ಶಾಸಕರಾಗಿದ್ದ ಎ.ಎಸ್. ಪಾಟೀಲ ನಡಹಳ್ಳಿ ಬಿಜೆಪಿಯಿಂದ ಅವರೆದುರು ನಿಂತು ಎಂಟು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಜೆಡಿಎಸ್ ಕಣದಲ್ಲಿದ್ದರೂ ಪೈಪೋಟಿ ನಡೆದದ್ದು ಇಬ್ಬರ ನಡುವೆ ಮಾತ್ರ. ಸೀಟು ಹಂಚಿಕೆ ಎಂದು ನಾಯಕರು ತಿಂಗಳುಗಟ್ಟಲೆ ಕೂತು ಮಾಡುವ ಕೆಲಸವನ್ನು ಮತದಾರರು ತಾವೇ ಮಾಡಿ ಮುಗಿಸಿದ್ದರು. 2023ರಲ್ಲಿ ಅದೇ ಜನ ನಾಡಗೌಡರನ್ನು ಏಳು ಸಾವಿರ ಚಿಲ್ಲರೆ ಅಂತರದಿಂದ ಮರಳಿ ಕರೆತಂದರು.

ಸಿಂದಗಿಯ ಕತೆ ಇನ್ನೂ ವಿವರವಾಗಿ ಹೇಳುವಂಥದು. ಅಲ್ಲಿ ಎಂ.ಸಿ. ಮನಗೂಳಿ ಎಂಬ ಹೆಸರು ನೀರಿನ ಜೊತೆ ಬೆಸೆದುಕೊಂಡಿದೆ. ಗುತ್ತಿ ಬಸವಣ್ಣ ಏತ ನೀರಾವರಿಗಾಗಿ ಚಪ್ಪಲಿ ತೊರೆದು ಬರಿಗಾಲಲ್ಲಿ ನಡೆದವರು ಅವರು. ಆ ಯೋಜನೆಯ ಋಣಕ್ಕೆ ಗೋಲಗೇರಿಯಲ್ಲಿ ದೇವೇಗೌಡರ ಪ್ರತಿಮೆಯೇ ನಿಂತಿದೆ. ದಕ್ಷಿಣದ ಪಕ್ಷವೆಂದು ಕರೆಸಿಕೊಳ್ಳುವ ಜೆಡಿಎಸ್‌ಗೆ ಈ ಬಿಸಿಲು ನಾಡಿನಲ್ಲಿ ನೆಲೆ ಸಿಕ್ಕಿದ್ದು ಹೀಗೆ. 2018ರಲ್ಲಿ ಮನಗೂಳಿಯವರು ಬಿಜೆಪಿಯ ರಮೇಶ ಭೂಸನೂರರನ್ನು ಸೋಲಿಸಿದರು, 2021ರ ಜನವರಿಯಲ್ಲಿ ತೀರಿಕೊಂಡರು. ಮಗ ಅಶೋಕ ಮನಗೂಳಿ ಕಾಂಗ್ರೆಸ್ ಸೇರಿ ಉಪಚುನಾವಣೆಗೆ ನಿಂತರು. ಆಗ ರಾಜ್ಯದಲ್ಲಿ ಬಸವರಾಜ ಬೊಮ್ಮಾಯಿಯವರ ಬಿಜೆಪಿ ಸರ್ಕಾರ. ಜೆಡಿಎಸ್‌ನ ಮತ ಐದು ಸಾವಿರವನ್ನೂ ದಾಟಲಿಲ್ಲ, ಅಂದರೆ ವಿರೋಧದ ಮತ ಬಹುಮಟ್ಟಿಗೆ ಒಂದೇ ಕಡೆ ಕೂಡಿತ್ತು. ಆದರೂ ಭೂಸನೂರ 31 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಉಪಚುನಾವಣೆಯಲ್ಲಿ ಸರ್ಕಾರವೇ ಊರಲ್ಲಿ ಬೀಡು ಬಿಡುತ್ತದೆ. ಮಂತ್ರಿಗಳು ಹೋಬಳಿ ಹಂಚಿಕೊಂಡು ಕೂಡುತ್ತಾರೆ, ರಸ್ತೆ ಕಾಮಗಾರಿಗಳು ಒಮ್ಮೆಲೇ ಚುರುಕಾಗುತ್ತವೆ. ಒಂದೂವರೆ ವರ್ಷದ ಬಳಿಕ, 2023ರ ಮೇ ತಿಂಗಳಲ್ಲಿ, ಅವರಿಬ್ಬರೇ ಮತ್ತೆ ಎದುರಾದರು. ಈ ಸಲ ಅಶೋಕ ಮನಗೂಳಿ ಸುಮಾರು ಎಂಟು ಸಾವಿರ ಮತಗಳಿಂದ ಗೆದ್ದರು. ಹುರಿಯಾಳು ಬದಲಾಗಿರಲಿಲ್ಲ, ಎದುರಾಳಿಯೂ ಬದಲಾಗಿರಲಿಲ್ಲ. ಬದಲಾದದ್ದು ಸರ್ಕಾರದ ಮೇಲಿನ ಜನರ ಮನಸ್ಸು.

ಇಂಡಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಆ ಮನಸ್ಸು ತಿರುಗುವುದು ಬಹುಪಾಲು ನೀರಿನ ಸುತ್ತಲೇ. ಆಲಮಟ್ಟಿ ಅಣೆಕಟ್ಟೆ ಎದ್ದದ್ದು ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ. ಅದಕ್ಕಾಗಿ ಹೊಲ ಮನೆ ಬಿಟ್ಟುಕೊಟ್ಟವರೂ ಇಲ್ಲಿದ್ದಾರೆ, ಅದರ ನೀರಿಗಾಗಿ ಕಾಯುತ್ತಿರುವವರೂ ಇದ್ದಾರೆ. ಇಂಡಿಯ ನಿಂಬೆ ತೋಟಗಳಿಗೆ ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರುಣಿಸಿದ ರೈತರ ಮುಂದೆ ‘ನಾವೆಲ್ಲ ಒಂದಾಗಿದ್ದೇವೆ, ಮತ ಕೊಡಿ’ ಎಂದರೆ ಅವರು ಕೇಳುವುದು ಒಂದೇ ಪ್ರಶ್ನೆ: ‘ಒಂದಾಗಿ ಮಾಡಾವ್ರು ಏನ್ರಿ?’ 1983ರ ರಂಗಕ್ಕೆ ಆ ಪ್ರಶ್ನೆಗೆ ಉತ್ತರವಿತ್ತು, ನರಗುಂದದ ರೈತರ ಸಿಟ್ಟು ಅದಕ್ಕೆ ದನಿ ಕೊಟ್ಟಿತ್ತು. 2019ರ ಮೈತ್ರಿಯ ಬಳಿ ಇದ್ದದ್ದು ಬಿಜೆಪಿ ಬೇಡ ಎಂಬ ಮಾತು ಮಾತ್ರ. ಊರಿನ ಕಾರ್ಯಕರ್ತರನ್ನು ಕೇಳದೆ, ಊರಿನ ಬೇಡಿಕೆ ಮುಂದಿಡದೆ, ನಾಮಪತ್ರಕ್ಕೆ ಕೆಲವೇ ವಾರವಿರುವಾಗ ಮಾಡಿಕೊಂಡ ಸೀಟು ಹೊಂದಾಣಿಕೆಯನ್ನು ಮತದಾರರು ನಂಬಬೇಕು ಎಂದು ಬಯಸುವುದೇ ಅವರಿಗೆ ಮಾಡುವ ಅನ್ಯಾಯ.

ಈಗ ಪಾತ್ರಗಳು ಅದಲುಬದಲಾಗಿವೆ. 2023ರಲ್ಲಿ ಜಿಲ್ಲೆಯ ಎಂಟರಲ್ಲಿ ಆರು ಸ್ಥಾನ ಕಾಂಗ್ರೆಸ್ಸಿಗೆ ಬಂದವು, ಈ ನಾಲ್ಕೂ ಅದರಲ್ಲಿ ಸೇರಿವೆ. ಬೇರೂರಿದವರನ್ನು ಅಲುಗಾಡಿಸುವ ಕೆಲಸ ಈಗ ಬಿಜೆಪಿ ಮತ್ತು ಜೆಡಿಎಸ್‌ನದು. ಅವರ ಮೈತ್ರಿ 2028ರವರೆಗೂ ಉಳಿದರೆ ಸಿಂದಗಿ ಮತ್ತು ಮುದ್ದೇಬಿಹಾಳದಲ್ಲಿ ಎರಡನೆಯ ಸ್ಥಾನದಲ್ಲಿದ್ದ ಬಿಜೆಪಿಗೆ ಟಿಕೆಟ್ ಬಿಟ್ಟುಕೊಡುವುದು ಸುಲಭ. ಇಂಡಿಯಲ್ಲಿ ಅಷ್ಟು ಸುಲಭವಲ್ಲ. 2018ರಲ್ಲೂ 2023ರಲ್ಲೂ ಅಲ್ಲಿ ಎರಡನೆಯ ಸ್ಥಾನಕ್ಕೆ ಬಂದದ್ದು ಜೆಡಿಎಸ್, ಮೂರನೆಯದು ಬಿಜೆಪಿ. ಬಸವನ ಬಾಗೇವಾಡಿಯಲ್ಲಿ ಒಂದು ಸಲ ಜೆಡಿಎಸ್, ಇನ್ನೊಂದು ಸಲ ಬಿಜೆಪಿ ಎರಡನೆಯದಾದವು. ಅಲ್ಲಿ ಬಿ ಫಾರಂ ಯಾರ ಕೈಗೆ, ಸಿಗದವರು ಬಂಡಾಯ ನಿಲ್ಲುತ್ತಾರೋ ಮನೆ ಹಿಡಿಯುತ್ತಾರೋ, ಅವರ ಹಿಂದಿನ ಹುಡುಗರು ಬೂತಿನಲ್ಲಿ ಕೂಡುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಮಾತುಕತೆ ಚುನಾವಣೆ ಘೋಷಣೆಯಾದ ಮೇಲೆ ಶುರುವಾದರೆ ತಡವಾಗುತ್ತದೆ. ತಾಲ್ಲೂಕು ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ ಚುನಾವಣೆಗಳ ಹೊತ್ತಿಗೇ ಆ ಎರಡು ಪಕ್ಷಗಳ ಊರ ಮಟ್ಟದವರು ಒಂದೇ ಪಟ್ಟಿ ಹಿಡಿದು ಮನೆ ಮನೆಗೆ ಹೋಗುತ್ತಾರೋ ಎಂಬುದನ್ನು ಜಿಲ್ಲೆಯ ಜನ ನೋಡಲಿದ್ದಾರೆ.