ಅಗ್ರಗಣ್ಯ ಯಾರು? ಬ್ಯಾಸ್ಕೆಟ್‌ಬಾಲ್ ಅಂಗಳದ ಒಂದು ಗಣನೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆಗಿರುವ ಎನ್‌ಬಿಎ 1996ರಲ್ಲಿ ತನ್ನ ಐವತ್ತು ಶ್ರೇಷ್ಠ ಆಟಗಾರರ ಪಟ್ಟಿಯೊಂದನ್ನು ಪ್ರಕಟಿಸಿತು. 2021ರಲ್ಲಿ ಎಪ್ಪತ್ತೈದನೆಯ ವರ್ಷದ ಆಚರಣೆಗೆಂದು ಇನ್ನೊಂದು ಪಟ್ಟಿ ಸಿದ್ಧವಾದಾಗ, ಕೊನೆಯ ಸ್ಥಾನಕ್ಕೆ ಮತಗಳು ಸಮನಾಗಿ ಬಿದ್ದುದರಿಂದ ಹೆಸರುಗಳು 76 ಆದವು. ಎರಡರಲ್ಲಿಯೂ ಕ್ರಮಾಂಕವಿರಲಿಲ್ಲ. ಲೀಗ್ ಕೈಹಾಕದ ಆ ಕೆಲಸವನ್ನು ಅಭಿಮಾನಿಗಳೂ ಪತ್ರಕರ್ತರೂ ಎಡೆಬಿಡದೆ ಮಾಡುತ್ತಲೇ ಬಂದಿದ್ದಾರೆ. ಅಗ್ರಗಣ್ಯ ಎಂದರೆ ಎಣಿಸುವಾಗ ಮೊದಲು ಬರುವವನು ಎಂದರ್ಥ. ಹಾಗಾಗಿ ಈ ಆಟದಲ್ಲಿ ಯಾವ ಕಾಲದಲ್ಲಿ ಏನನ್ನು ಎಣಿಸಲಾಗುತ್ತಿತ್ತು ಎಂಬುದನ್ನು ತಿಳಿಯದೆ ಯಾರನ್ನೂ ಮೊದಲ ಸ್ಥಾನದಲ್ಲಿ ಕೂರಿಸುವುದು ನ್ಯಾಯವಲ್ಲ.

ಎಣಿಕೆಯ ನಿಯಮಗಳು ಒಂದೇ ಸಲಕ್ಕೆ ರೂಪುಗೊಂಡವಲ್ಲ. ಚೆಂಡು ಕೈಗೆ ಬಂದ 24 ಸೆಕೆಂಡುಗಳೊಳಗೆ ತಂಡವು ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮ 1954ರಲ್ಲಿ ಬಂದು ಆಟಕ್ಕೆ ವೇಗ ತಂದಿತು. ಎದುರಾಳಿಯ ಎಸೆತವನ್ನು ಗಾಳಿಯಲ್ಲೇ ತಡೆಯುವ ಬ್ಲಾಕ್ ಮತ್ತು ಚೆಂಡನ್ನು ಕಸಿದುಕೊಳ್ಳುವ ಸ್ಟೀಲ್, ಇವೆರಡನ್ನೂ ಅಧಿಕೃತವಾಗಿ ದಾಖಲಿಸತೊಡಗಿದ್ದು 1973-74ರ ಋತುವಿನಿಂದ. ದೂರದ ಗೆರೆಯಾಚೆಯಿಂದ ಹಾಕಿದ ಬುಟ್ಟಿಗೆ ಮೂರು ಅಂಕ ದೊರೆಯತೊಡಗಿದ್ದು 1979-80ರಲ್ಲಿ. ಇಂದು ಸ್ಟೀಫನ್ ಕರಿಯ ಹಿರಿಮೆಗೆ ಆಧಾರವಾಗಿರುವ ಎಸೆತಕ್ಕೆ ಅದಕ್ಕೂ ಹಿಂದಿನವರು ಎರಡೇ ಅಂಕ ಪಡೆಯುತ್ತಿದ್ದರು.

ಈ ತೊಡಕು ಅತ್ಯಂತ ಸ್ಪಷ್ಟವಾಗಿ ಕಾಣುವುದು ವಿಲ್ಟ್ ಚೇಂಬರ್ಲೇನ್ ಮತ್ತು ಬಿಲ್ ರಸೆಲ್ ಅವರನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ. ಚೇಂಬರ್ಲೇನ್ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಪಟ್ಟಣದಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ವಿರುದ್ಧ ಒಬ್ಬರೇ 100 ಅಂಕ ಗಳಿಸಿದರು. ಅವರ ಕೈಗೆ ಚೆಂಡು ಹೋಗದಿರಲೆಂದು ಕೊನೆಯ ಹಂತದಲ್ಲಿ ನಿಕ್ಸ್ ಆಟಗಾರರು ಅವರ ಜೊತೆಗಾರರ ಮೇಲೆ ಬೇಕೆಂದೇ ಫೌಲ್ ಮಾಡಿದರೆ, ಚೆಂಡನ್ನು ಬೇಗ ಮರಳಿ ಪಡೆಯಲು ಚೇಂಬರ್ಲೇನ್ ಅವರ ತಂಡವೂ ಅದೇ ದಾರಿ ಹಿಡಿಯಿತು. ಆ ಪಂದ್ಯದ ಚಲಚಿತ್ರ ದಾಖಲೆ ಉಳಿದಿಲ್ಲ. ಉಳಿದಿರುವುದು 100 ಎಂದು ಕೈಯಲ್ಲಿ ಬರೆದ ಬಿಳಿ ಹಾಳೆಯನ್ನು ಹಿಡಿದು ಅವರು ಕುಳಿತಿರುವ ಛಾಯಾಚಿತ್ರ. ಆ ಋತುವಿನಲ್ಲಿ ಅವರ ಸರಾಸರಿ ಪಂದ್ಯಕ್ಕೆ 50.4 ಅಂಕ, ಬೇರೆ ಯಾರೂ ಅದರ ಸಮೀಪಕ್ಕೂ ಸುಳಿದಿಲ್ಲ. ಆದರೂ ಆ ವರ್ಷದ ಅತ್ಯಮೂಲ್ಯ ಆಟಗಾರ ಎಂಬ ಗೌರವ, ಅಂದರೆ ಎಂವಿಪಿ, ಸಂದದ್ದು ರಸೆಲ್ ಅವರಿಗೆ. ಅಂದು ಮತ ಹಾಕುತ್ತಿದ್ದವರು ಅಂಗಳದಲ್ಲಿ ಅವರಿಬ್ಬರನ್ನೂ ಎದುರಿಸಿದ್ದ ಆಟಗಾರರೇ ಎಂಬುದನ್ನು ಮರೆಯಬಾರದು.

ರಸೆಲ್ ಅವರ ವೃತ್ತಿಜೀವನದ ಸರಾಸರಿ ಕೇವಲ 15.1 ಅಂಕ. ಆದರೆ ಬಾಸ್ಟನ್ ಸೆಲ್ಟಿಕ್ಸ್ ಪರ ಆಡಿದ ಹದಿಮೂರು ಋತುಗಳಲ್ಲಿ ಅವರ ತಂಡ ಹನ್ನೊಂದು ಸಲ ಚಾಂಪಿಯನ್ ಆಯಿತು, ಕೊನೆಯ ಎರಡು ಸಲ ಅವರೇ ತರಬೇತುದಾರರೂ ಆಗಿದ್ದರು. ಎದುರಾಳಿಯ ಎಸೆತವನ್ನು ತಡೆದಾಗ ಅವರು ಚೆಂಡನ್ನು ಪ್ರೇಕ್ಷಕರತ್ತ ಬಾರಿಸುತ್ತಿರಲಿಲ್ಲ. ಬೆರಳ ತುದಿಯಿಂದ ಮೆಲ್ಲನೆ ತಟ್ಟಿ ಅಂಗಳದೊಳಗೇ ಉಳಿಸಿ, ಜೊತೆಗಾರನ ಕೈಗೆ ಸೇರುವಂತೆ ಮಾಡುತ್ತಿದ್ದರು, ಅಲ್ಲಿಂದಲೇ ಬಾಸ್ಟನ್‌ನ ಮಿಂಚಿನ ಪ್ರತಿದಾಳಿ ಹೊರಡುತ್ತಿತ್ತು. ಅಂಥ ತಡೆಗಳು ಎಷ್ಟು ಸಾವಿರವೋ, ಯಾವ ಪುಸ್ತಕದಲ್ಲಿಯೂ ಲೆಕ್ಕವಿಲ್ಲ. ಅಂಕಗಳ ಪಟ್ಟಿಯನ್ನಷ್ಟೇ ನೋಡಿ ರಸೆಲ್ ಅವರನ್ನು ಐದನೆಯ, ಆರನೆಯ ಸ್ಥಾನಕ್ಕೆ ಇಳಿಸುವ ಗಣನೆಗಳಲ್ಲಿ ದೊಡ್ಡದೊಂದು ಅನ್ಯಾಯ ಅಡಗಿದೆ.

ಕರೀಮ್ ಅಬ್ದುಲ್-ಜಬ್ಬಾರ್ ಅವರ ವಿಷಯದಲ್ಲಿ ಎಣಿಕೆಯೂ ಆಟವೂ ಒಂದೇ ಮಾತನ್ನು ಹೇಳುತ್ತವೆ: ಆರು ಚಾಂಪಿಯನ್ ಪಟ್ಟ, ಯಾರೂ ಮುಟ್ಟದ ಆರು ಎಂವಿಪಿ, 38,387 ಅಂಕ. ಅವರ ಸ್ಕೈಹುಕ್ ಎಂಬ ಎಸೆತದಲ್ಲಿ ದೇಹ ಬುಟ್ಟಿಗೆ ಪಕ್ಕಾಗಿ ತಿರುಗಿ ತಡೆಯುವವನನ್ನು ದೂರವಿಡುತ್ತಿತ್ತು, ಒಂದು ಕಾಲ ಮೇಲೆ ನೆಗೆದೊಡನೆ ನೀಳವಾದ ತೋಳು ಕಮಾನಿನಂತೆ ತಲೆಯ ಮೇಲೇರಿ ತುತ್ತತುದಿಯಲ್ಲಿ ಚೆಂಡನ್ನು ಬಿಡುತ್ತಿತ್ತು. ಏಳಡಿಗೂ ಎತ್ತರದ ಮನುಷ್ಯನ ಆ ಕೈಯನ್ನು ತಡೆಯುವ ಉಪಾಯ ಯಾರಿಗೂ ಸರಿಯಾಗಿ ಹೊಳೆಯಲಿಲ್ಲ.

ಇನ್ನುಳಿದದ್ದು ಹೆಚ್ಚು ಸದ್ದು ಮಾಡುವ ವಾದ, ಮೈಕಲ್ ಜೋರ್ಡಾನ್ ಮತ್ತು ಲೆಬ್ರಾನ್ ಜೇಮ್ಸ್ ಅವರದು. ಜೋರ್ಡಾನ್ ಶಿಕಾಗೊ ಬುಲ್ಸ್ ಪರ ಆಡಿದ ಆರು ಫೈನಲ್ ಸರಣಿಗಳನ್ನೂ ಗೆದ್ದರು, ಆರರಲ್ಲಿಯೂ ಅವರೇ ಫೈನಲ್‌ನ ಶ್ರೇಷ್ಠ ಆಟಗಾರ. 1987-88ರ ಒಂದೇ ಋತುವಿನಲ್ಲಿ ಅತಿಹೆಚ್ಚು ಅಂಕಗಳ ಸರಾಸರಿ, ಎಂವಿಪಿ, ಶ್ರೇಷ್ಠ ರಕ್ಷಣಾ ಆಟಗಾರ ಎಂಬ ಮೂರೂ ಗೌರವಗಳನ್ನು ಪಡೆದರು. ಜೇಮ್ಸ್ ಅವರ ಬಲ ಬಾಳಿಕೆಯಲ್ಲಿದೆ: 2003ರಲ್ಲಿ ಲೀಗ್‌ಗೆ ಕಾಲಿಟ್ಟು, ಮೂರು ಬೇರೆ ಬೇರೆ ತಂಡಗಳಿಗೆ ನಾಲ್ಕು ಪಟ್ಟ ತಂದುಕೊಟ್ಟು, 2023ರ ಫೆಬ್ರುವರಿಯಲ್ಲಿ ಅಬ್ದುಲ್-ಜಬ್ಬಾರ್ ಅವರ ದಾಖಲೆ ಮುರಿದು, ಮರುವರ್ಷ 40,000 ಅಂಕ ದಾಟಿದ ಮೊದಲಿಗರಾದರು. ಶಿಖರದ ಎತ್ತರವನ್ನು ಅಳೆದರೆ ಜೋರ್ಡಾನ್, ನಡೆದ ದಾರಿಯ ಉದ್ದವನ್ನು ಅಳೆದರೆ ಜೇಮ್ಸ್. ದಾಳಿ ಮತ್ತು ರಕ್ಷಣೆಯ ಎರಡೂ ತಕ್ಕಡಿಗಳು ಒಟ್ಟಿಗೆ ತುಂಬಿರುವ ಕಾರಣಕ್ಕೆ ಮೊದಲ ಸ್ಥಾನ ಜೋರ್ಡಾನ್ ಅವರಿಗೇ ಸಲ್ಲಬೇಕು. ಆದರೆ ಎರಡನೆಯ ಸ್ಥಾನಕ್ಕೆ ಜೇಮ್ಸ್ ಅವರಷ್ಟೇ ಹಕ್ಕು ರಸೆಲ್ ಅವರಿಗೂ ಇದೆ.

ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಗೌರವ ಆರಂಭವಾದದ್ದು 1969ರಲ್ಲಿ. ಅದು ರಸೆಲ್ ಅವರ ಕೊನೆಯ ಋತು, ಅವರ ಹನ್ನೊಂದನೆಯ ಗೆಲುವು. ಆದರೆ ಗೌರವ ಹೋದದ್ದು ಸೋತ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಜೆರ್ರಿ ವೆಸ್ಟ್ ಅವರಿಗೆ. ರಸೆಲ್ ಅವರಿಗೆ ಒಮ್ಮೆಯೂ ದೊರೆಯದ ಆ ಪ್ರಶಸ್ತಿ 2009ರಿಂದ ಅವರದೇ ಹೆಸರಿನಲ್ಲಿದೆ.