ಟಾರ್ಚ್ ರಿಪೋರ್ಟಿನ ಹರ್ಪಿಸ್ ಸಾಲು

ಒಂದೆರಡು ಸಲ ಗರ್ಭ ನಿಲ್ಲದೆ ಹೋದ ಹೆಣ್ಣುಮಗಳಿಗೆ ನಮ್ಮಲ್ಲಿ ಬರೆದುಕೊಡುವ ಪರೀಕ್ಷೆಗಳಲ್ಲಿ, ಹರ್ಪಿಸ್ ಸೇರಿ ಹಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ಟಾರ್ಚ್ ಎಂಬ ರಕ್ತಪರೀಕ್ಷೆ ಕೂಡ ಒಂದು. ಬಾಳೂರು, ಜಾವಳಿ ಕಡೆಯವರಾದರೆ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಎಷ್ಟೋ ಸಲ ರಿಪೋರ್ಟು ಡಾಕ್ಟರ ಕಣ್ಣಿಗೆ ಬೀಳುವ ಮೊದಲೇ ಮನೆಯವರ ಮೊಬೈಲಿಗೆ ಬಂದಿರುತ್ತದೆ. ಅದರಲ್ಲಿ ಹರ್ಪಿಸ್‌ನ ಸಾಲಿನೆದುರು ‘ಪಾಸಿಟಿವ್’ ಎಂದಿದ್ದರೆ ಮನೆಯೊಳಗೆ ಮೂರು ತೀರ್ಮಾನಗಳು ಒಟ್ಟಿಗೆ ಹುಟ್ಟುತ್ತವೆ: ಇದು ಲೈಂಗಿಕ ರೋಗ, ಇದು ಇತ್ತೀಚೆಗೆ ಅಂಟಿದ್ದು, ಗಂಡಹೆಂಡಿರಲ್ಲಿ ಒಬ್ಬರು ದಾರಿ ತಪ್ಪಿದ್ದಾರೆ. ಆ ಒಂದು ಸಾಲಿನಿಂದ ಈ ಮೂರರಲ್ಲಿ ಒಂದೂ ಸಾಬೀತಾಗುವುದಿಲ್ಲ.

‘ಇತ್ತೀಚೆಗೆ ಅಂಟಿದ್ದು’ ಎಂಬ ನಂಬಿಕೆ ಮಲೆನಾಡಿನಲ್ಲಿ ಗಟ್ಟಿಯಾಗಿರುವುದಕ್ಕೆ ಕಾರಣವಿದೆ. ಡೆಂಗಿ ಜ್ವರಕ್ಕೂ ಮಂಗನ ಕಾಯಿಲೆಗೂ ಇಲ್ಲಿ ಐಜಿಎಂ ಪರೀಕ್ಷೆ ಮಾಡಿಸುವುದು ರೂಢಿ. ಆ ವೈರಸ್‌ಗಳು ದೇಹಕ್ಕೆ ಬಂದು ಹೋಗುವಂಥವು. ಬಂದಾಗ ಐಜಿಎಂ ಪ್ರತಿಕಾಯ ಏರುತ್ತದೆ, ಕೆಲವು ತಿಂಗಳಲ್ಲಿ ಇಳಿಯುತ್ತದೆ. ಹಾಗಾಗಿ ಅಲ್ಲಿ ಐಜಿಎಂ ಎಂದರೆ ಹೊಸ ಸೋಂಕು ಎನ್ನುವುದಕ್ಕೆ ಆಧಾರವಿದೆ. ಹರ್ಪಿಸ್ ಸಿಂಪ್ಲೆಕ್ಸ್ ಹಾಗೆ ಬಿಟ್ಟುಹೋಗುವುದಿಲ್ಲ. ನರಗಂಟುಗಳಲ್ಲಿ ಜೀವನವಿಡೀ ಅಡಗಿದ್ದು ಆಗಾಗ ಮೇಲೇಳುತ್ತದೆ, ಮೇಲೆದ್ದಾಗ ಹಳೆಯ ಸೋಂಕಿನವರಲ್ಲೂ ಐಜಿಎಂ ಕಾಣಿಸಿಕೊಳ್ಳಬಹುದು. ಸಾಲದ್ದಕ್ಕೆ ಈ ಐಜಿಎಂ ಪರೀಕ್ಷೆ ಹರ್ಪಿಸ್‌ನ ಒಂದನೇ ಬಗೆಯನ್ನೂ ಎರಡನೇ ಬಗೆಯನ್ನೂ ಬೇರ್ಪಡಿಸಿ ಹೇಳಲಾರದು. ಇದನ್ನು ಬಳಸಲೇಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ವೈದ್ಯರಿಗೆ ಹೇಳಿದೆ. ಹಾಗಿದ್ದೂ ನಮ್ಮ ಟಾರ್ಚ್ ಪಟ್ಟಿಯಲ್ಲಿ ಅದು ಉಳಿದುಕೊಂಡಿರುವುದು ಬೇಸರದ ಸಂಗತಿ.

ಒಂದನೇ ಬಗೆ, ಎರಡನೇ ಬಗೆ ಎಂಬ ವ್ಯತ್ಯಾಸ ಸಣ್ಣದಲ್ಲ. ತುಟಿಯಂಚಿನಲ್ಲಿ ಗುಳ್ಳೆ ಏಳಿಸುವ ಒಂದನೇ ಬಗೆ ಹೆಚ್ಚಾಗಿ ಬಾಲ್ಯದಲ್ಲೇ ಎಂಜಲಿನಿಂದ, ಮುತ್ತಿನಿಂದ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ 380 ಕೋಟಿ ಜನರಲ್ಲಿ, ಅಂದರೆ ನೂರಕ್ಕೆ 64 ಮಂದಿಯಲ್ಲಿ, ಇದು ಇದೆ. ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವುದು ಎರಡನೇ ಬಗೆ. 15ರಿಂದ 49 ವರ್ಷದವರಲ್ಲಿ ನೂರಕ್ಕೆ 13 ಮಂದಿಗೆ ಅದಿದೆ. ಎರಡನ್ನೂ ಕೂಡಿಸಿ ‘ಎಚ್‌ಎಸ್‌ವಿ 1 ಮತ್ತು 2 ಐಜಿಜಿ ಪಾಸಿಟಿವ್’ (ಐಜಿಜಿ ಎಂಬುದು ಐಜಿಎಂನಂತೆಯೇ ಇನ್ನೊಂದು ಪ್ರತಿಕಾಯ) ಎಂದು ಬರೆದ ರಿಪೋರ್ಟು ದಾಂಪತ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. (ಹರ್ಪಿಸ್ ಜೋಸ್ಟರ್ ಎನ್ನುವ ಸರ್ಪಸುತ್ತು ಬೇರೆಯೇ ವೈರಸ್ಸಿನದು. ಅದು ಬಂದವರನ್ನು ಈ ಕಾರಣಕ್ಕೆ ಶಂಕಿಸುವುದು ಶುದ್ಧ ಅನ್ಯಾಯ.)

ಇನ್ನು, ಎರಡನೇ ಬಗೆಯನ್ನೇ ಹುಡುಕುವ ಐಜಿಜಿ ಪರೀಕ್ಷೆಗೆ ಬರೋಣ. ಇದರ ಫಲಿತಾಂಶ ಒಂದು ಸಂಖ್ಯೆ. ಸಾಮಾನ್ಯವಾಗಿ ಬಳಸುವ ಕಿಟ್‌ಗಳಲ್ಲಿ 0.9ಕ್ಕಿಂತ ಕಡಿಮೆಯಿದ್ದರೆ ನೆಗೆಟಿವ್, 1.1 ದಾಟಿದರೆ ಪಾಸಿಟಿವ್, ನಡುವಿನದು ಅನಿಶ್ಚಿತ. ರಿಪೋರ್ಟಿನಲ್ಲಿ 1.4ಕ್ಕೂ 9ಕ್ಕೂ ಅದೇ ದಪ್ಪಕ್ಷರದ ‘ಪಾಸಿಟಿವ್’ ಇರುತ್ತದೆ, ಆದರೆ ಎರಡರ ತೂಕ ಒಂದೇ ಅಲ್ಲ. ಸಂಖ್ಯೆ 3ಕ್ಕಿಂತ ಕೆಳಗಿದ್ದಾಗ ಪರೀಕ್ಷೆಯ ನಿರ್ದಿಷ್ಟತೆ, ಅಂದರೆ ಸೋಂಕಿಲ್ಲದವರನ್ನು ಇಲ್ಲವೆಂದೇ ಗುರುತಿಸುವ ಪ್ರಮಾಣ, ಕೇವಲ 39.8% ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2021ರ ಮಾರ್ಗಸೂಚಿ ಹೇಳುತ್ತದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ ಇಂಥ ಸುಳ್ಳು ಪಾಸಿಟಿವ್‌ಗಳ ಬಗ್ಗೆ ವೈದ್ಯರನ್ನು ಎಚ್ಚರಿಸಿತು. ಸೋಂಕು ವಿರಳವಾಗಿರುವ ಕಡೆ ಸಮಸ್ಯೆ ಇನ್ನೂ ದೊಡ್ಡದು. ಮೈಸೂರಿನ ಯುವತಿಯರಲ್ಲಿ ನಡೆದ ಅಧ್ಯಯನವೊಂದರಲ್ಲಿ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಎರಡನೇ ಬಗೆಯ ಸೋಂಕಿತ್ತು. ಅದೇ ಲೆಕ್ಕ ಹಿಡಿದರೆ ಸಾವಿರ ಮಂದಿಯಲ್ಲಿ ನೂರು ಜನಕ್ಕೆ ಸೋಂಕು, 900 ಮಂದಿಗೆ ಇಲ್ಲ. ಪರೀಕ್ಷೆ ಸೋಂಕಿಲ್ಲದ ನೂರರಲ್ಲಿ ಐವರನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ ಎಂದುಕೊಂಡರೂ 45 ಮಂದಿ ಏನೂ ಇಲ್ಲದೆ ರೋಗಿಗಳ ಪಟ್ಟಿ ಸೇರುತ್ತಾರೆ.

ಲ್ಯಾಬು ಒಳ್ಳೆಯದು, ಅಲ್ಲಿ ತಪ್ಪು ಹೇಗಾದೀತು ಎಂದು ಕೇಳುವವರಿದ್ದಾರೆ. ಲ್ಯಾಬಿನವರು ತಪ್ಪು ಮಾಡಿದ್ದಾರೆಂದು ಯಾರೂ ಹೇಳುತ್ತಿಲ್ಲ, ಪರೀಕ್ಷೆಯ ಮಿತಿಯೇ ಅಷ್ಟು. ಎಚ್‌ಐವಿ ವಿಷಯದಲ್ಲಿ ನಮ್ಮ ಸರ್ಕಾರಿ ಕೇಂದ್ರಗಳು ಮೂರು ಬೇರೆ ಬೇರೆ ಪರೀಕ್ಷೆಗಳು ಒಪ್ಪಿದ ಮೇಲಷ್ಟೇ ಪಾಸಿಟಿವ್ ಎನ್ನುತ್ತವೆ. ಅಷ್ಟೇ ಎಚ್ಚರ ಹರ್ಪಿಸ್‌ಗೂ ಬೇಕು. ಅತ್ಯಂತ ನಂಬಲರ್ಹ ದೃಢೀಕರಣವಾದ ವೆಸ್ಟರ್ನ್ ಬ್ಲಾಟ್ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ನಡೆಯುತ್ತದೆ, ನಮಗೆ ಎಟುಕುವಂಥದ್ದಲ್ಲ. ಎಟುಕುವ ದಾರಿ ಎಂದರೆ ಬೇರೆ ವಿಧಾನದ, ಎರಡನೇ ಬಗೆಯನ್ನು ಪ್ರತ್ಯೇಕವಾಗಿ ಗುರುತಿಸುವ ಇನ್ನೊಂದು ಪರೀಕ್ಷೆ. ಸೋಂಕು ತಗುಲಿರಬಹುದಾದ ದಿನದಿಂದ 12 ವಾರ ಕಳೆದ ಮೇಲೆ ಅದನ್ನು ಮಾಡಿಸಬೇಕು, ಏಕೆಂದರೆ ಪ್ರತಿಕಾಯ ಮೂಡಲು ಅಷ್ಟು ಕಾಲ ಬೇಕಾಗಬಹುದು. ಗುಳ್ಳೆಯೇ ಎದ್ದಿದ್ದರೆ ರಕ್ತಕ್ಕಿಂತ ಗುಳ್ಳೆಯ ದ್ರವದ ಪಿಸಿಆರ್ ಮೇಲು. ಒಣಗುವ ಮೊದಲೇ ಮಾದರಿ ಕೊಡಬೇಕು.

ಸುಳ್ಳೋ ನಿಜವೋ, ತಿಳಿದಿರುವುದು ಒಳ್ಳೆಯದಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಲಕ್ಷಣವಿಲ್ಲದವರಿಗೆ ಈ ರಕ್ತಪರೀಕ್ಷೆ ಬೇಡವೆಂದು ಅಮೆರಿಕದ ತಡೆಗಟ್ಟುವಿಕೆ ಕಾರ್ಯಪಡೆ 2016ರಲ್ಲೂ 2023ರಲ್ಲೂ ಹೇಳಿತು. ವೈರಸ್ಸನ್ನು ಪೂರ್ತಿ ಹೊರಹಾಕುವ ಔಷಧಿ ಇಲ್ಲ, ಸುಳ್ಳು ಫಲಿತಾಂಶ ಒಡೆಯುವ ಸಂಸಾರ ಮಾತ್ರ ನಿಜ. ಲೈಂಗಿಕ ಸೋಂಕುಗಳಿಗೆಂದಿರುವ ನಮ್ಮ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲೂ ಜನನಾಂಗದ ಹುಣ್ಣನ್ನು ನೋಡಿ, ಹರ್ಪಿಸ್ ಎನಿಸಿದರೆ ಅಸೈಕ್ಲೋವಿರ್ ಇರುವ ಕೆಂಪು ಬಣ್ಣದ ಐದನೇ ಕಿಟ್ ಕೊಡುತ್ತಾರೆ, ಐಜಿಜಿ ಸಂಖ್ಯೆಗಾಗಿ ಕಾಯುವುದಿಲ್ಲ. ದೃಢಪಟ್ಟ ಸೋಂಕು ಕೂಡ ಯಾವಾಗ, ಯಾರಿಂದ ಬಂತೆಂದು ಹೇಳಲಾರದು. ಲಕ್ಷಣವೇ ಇಲ್ಲದೆ ಮದುವೆಗೆ ಮೊದಲಿನಿಂದ ಇದ್ದಿರಬಹುದು.

ಪದೇ ಪದೇ ಗರ್ಭ ಹೋಗುವುದಕ್ಕೆ ಕಾರಣ ಹುಡುಕಲು ಟಾರ್ಚ್ ಪರೀಕ್ಷೆ ಉಪಯೋಗವಿಲ್ಲವೆಂದು ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು ಹಿಂದೆಯೇ ಹೇಳಿದೆ. ಬಸುರಿನಲ್ಲಿ ಹರ್ಪಿಸ್ ನಿಜವಾಗಿ ಅಪಾಯ ತರುವುದು ಬೇರೆ ಗಳಿಗೆಯಲ್ಲಿ. ಹೆರಿಗೆ ಹತ್ತಿರವಿರುವಾಗ ಮೊದಲ ಬಾರಿಗೆ ಜನನಾಂಗದ ಸೋಂಕು ತಗುಲಿದರೆ ಮಗುವಿಗೆ ದಾಟುವ ಸಂಭವ 30ರಿಂದ 50%. ಮೊದಲಿನಿಂದ ಸೋಂಕಿದ್ದು ಆಗಾಗ ಮರುಕಳಿಸುವವರಲ್ಲಿ ಅದು 1%ಗಿಂತ ಕಡಿಮೆ. ಆದ್ದರಿಂದ ಗಂಡನಿಗೆ ಅಂಥ ಗುಳ್ಳೆಗಳು ಏಳುವುದಿದ್ದರೆ ಕೊನೆಯ ಮೂರು ತಿಂಗಳು ಸಂಪರ್ಕ ಬೇಡ. ಹೆಂಡತಿಗೆ ಏಳುವುದಿದ್ದರೆ ವೈದ್ಯರಿಗೆ ಮೊದಲೇ ಹೇಳಿದರೆ 36ನೇ ವಾರದಿಂದ ಅಸೈಕ್ಲೋವಿರ್ ಮಾತ್ರೆ ಕೊಡುತ್ತಾರೆ. ನೋವು ಶುರುವಾದಾಗ ಹುಣ್ಣು ಕಂಡರೆ ಸಿಸೇರಿಯನ್ ಮಾಡುತ್ತಾರೆ.