ಹೆಪ್ಟನ್‌ಸ್ಟಾಲ್: ಮಗ್ಗದವರು ಕಟ್ಟಿದ ಗುಡ್ಡದೂರು

ಉತ್ತರ ಇಂಗ್ಲೆಂಡಿನ ಪಶ್ಚಿಮ ಯಾರ್ಕ್‌ಶೈರಿನಲ್ಲಿ ಹೆಬ್ಡನ್ ಬ್ರಿಜ್ ಎಂಬ ಪೇಟೆಯಿದೆ. ಅದರ ನೆತ್ತಿಗೆ ಸರಿಯಾಗಿ, ಗುಡ್ಡದ ಮೇಲೆ, ಹೆಪ್ಟನ್‌ಸ್ಟಾಲ್ ಎಂಬ ಕಲ್ಲುಮನೆಗಳ ಹಳ್ಳಿ. ಎರಡನ್ನೂ ಜೋಡಿಸುವುದು ಬಟ್ರೆಸ್ ಎಂಬ ಕಡಿದಾದ ಕಲ್ಲುಹಾಸಿನ ದಾರಿ. ಇಂದು ನೋಡುವವರಿಗೆ ಪೇಟೆಯೇ ದೊಡ್ಡದು, ಹಳ್ಳಿ ಅದರ ಬಾಲ. ಆದರೆ ಮೊದಲು ಹುಟ್ಟಿದ್ದು ಹಳ್ಳಿ. ಆಗ ಕೆಳಗೆ ಇದ್ದದ್ದು ಹೇರುಕುದುರೆಗಳು ಹೊಳೆ ದಾಟುವ ಸೇತುವೆ ಮತ್ತು ಅದರ ಸುತ್ತಿನ ನಾಲ್ಕಾರು ಮನೆಗಳು.

ಜನ ಮೇಲೆ ನೆಲೆಸಿದ್ದಕ್ಕೆ ಕಾರಣ ಸರಳ. ಕಣಿವೆಯ ತಳ ಜೌಗು, ಕಾಡು. ಮೇಲಿನ ಬಯಲಲ್ಲಿ ಗಾಳಿ, ಕಪ್ಪು ಮಣ್ಣಿನ ಕೆಸರು. ನಡುವಿನ ಈ ಚಾಚಿನಲ್ಲಿ ಒಂದಿಷ್ಟು ಓಟ್ಸ್ ಬೆಳೆಯಬಹುದಿತ್ತು, ಕುರಿ ಮೇಯಿಸಬಹುದಿತ್ತು. ಅಷ್ಟರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ಪ್ರತಿ ರೈತನೂ ನೇಕಾರನಾದ. ಉಣ್ಣೆ ಹಿಂಜುವುದು, ನೂಲುವುದು ಹೆಂಗಸರು ಮಕ್ಕಳ ಕೆಲಸ. ಮಗ್ಗದ ಮುಂದೆ ಗಂಡಸು. ಹ್ಯಾಲಿಫ್ಯಾಕ್ಸ್ ಸೀಮೆಯ ಈ ನೇಕಾರರಿಗಾಗಿಯೇ 1555ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿ, ಚಿಲ್ಲರೆಯಾಗಿ ಉಣ್ಣೆ ಮಾರಲು ವ್ಯಾಪಾರಿಗಳಿಗೆ ಅನುಮತಿ ಕೊಟ್ಟಿತು. ಇಲ್ಲಿನ ನೆಲ ಬರಡು, ಬಡವರು ಮೈಲಿಗಟ್ಟಲೆ ನಡೆದು ಉಣ್ಣೆಯನ್ನು ತಲೆಯ ಮೇಲೆ, ಬೆನ್ನ ಮೇಲೆ ಹೊತ್ತು ತರುತ್ತಾರೆ ಎಂದು ಆ ಕಾಯ್ದೆಯೇ ಹೇಳುತ್ತದೆ. ಸುಮಾರು ಅದೇ ಕಾಲದಲ್ಲಿ ಹೆಪ್ಟನ್‌ಸ್ಟಾಲಿನಲ್ಲಿ ಬಟ್ಟೆ ಮಾರಾಟಕ್ಕೆಂದೇ ಒಂದು ಕಟ್ಟಡ ಎದ್ದಿತು. ಅದು ಇಂದಿಗೂ ನಿಂತಿದೆ.

ಮನೆಗಳನ್ನು ಸ್ವಲ್ಪ ತಲೆಯೆತ್ತಿ ನೋಡಬೇಕು. ಮೇಲಂತಸ್ತಿನಲ್ಲಿ ಒಂದರ ಪಕ್ಕ ಒಂದು, ಸಣ್ಣ ಕಲ್ಲುಕಂಬಗಳ ನಡುವೆ, ಉದ್ದಕ್ಕೂ ಕಿಟಕಿಗಳ ಸಾಲು. ಅಂದಕ್ಕೆ ಇಟ್ಟದ್ದಲ್ಲ; ಮೋಡ ಕವಿದ ದಿನವೂ ಮಗ್ಗದ ಮೇಲೆ ಬೆಳಕು ಬೀಳಲಿ ಎಂದು. ಗೋಡೆಯ ಒರಟು ಮರಳುಗಲ್ಲು ಮಾತ್ರ ಗಿರಣಿ ಕಾಲದ ಹೊಗೆ ಹಿಡಿದು ಕಪ್ಪಾಗಿದೆ.

ಊರು ಯುದ್ಧವನ್ನೂ ಕಂಡಿದೆ. ರಾಜನಿಗೂ ಪಾರ್ಲಿಮೆಂಟಿಗೂ ಕದನ ನಡೆದಾಗ ಇಲ್ಲಿದ್ದವರು ಪಾರ್ಲಿಮೆಂಟಿನ ಕಡೆ. 1643ರ ನವೆಂಬರಿನಲ್ಲಿ ಹ್ಯಾಲಿಫ್ಯಾಕ್ಸಿನಿಂದ ರಾಜನ ಸೈನ್ಯ ಗುಡ್ಡ ಹತ್ತಿ ಬಂತು. ಮೇಲಿನವರು ಬಂಡೆಗಳನ್ನು ಉರುಳಿಸಿ ಹಿಮ್ಮೆಟ್ಟಿಸಿದರು. ಮುಂದಿನ ಜನವರಿಯಲ್ಲಿ ಸೈನ್ಯ ಮತ್ತೆ ಬಂದಾಗ ಕಾವಲಿನವರು ಜಾಗ ಖಾಲಿ ಮಾಡಿದ್ದರು. ಮನೆಗಳಿಗೆ ಬೆಂಕಿ ಬಿತ್ತು.

ಅದಕ್ಕಿಂತ ಸ್ವಾರಸ್ಯದ ಕಥೆ ಚರ್ಚಿನ ಅಂಗಳದಲ್ಲಿ ಹೂತಿರುವ ಡೇವಿಡ್ ಹಾರ್ಟ್ಲಿಯದು. ಪಕ್ಕದ ಕ್ರ್ಯಾಗ್ ವೇಲ್ ಕಣಿವೆಯ ಈತ ಖೋಟಾ ನಾಣ್ಯದವರ ನಾಯಕ. ಜನ ಕರೆಯುತ್ತಿದ್ದುದು ರಾಜ ಡೇವಿಡ್ ಎಂದು. ಗಿನಿ ನಾಣ್ಯದ ಅಂಚಿನಿಂದ ತುಸು ಚಿನ್ನ ಕತ್ತರಿಸುವುದು, ಅರದಿಂದ ಅಂಚಿಗೆ ಮತ್ತೆ ಗೀರು ಹಾಕಿ ಪೂರ್ತಿ ಬೆಲೆಗೆ ಚಲಾಯಿಸುವುದು, ಕೂಡಿಟ್ಟ ಚೂರು ಕರಗಿಸಿ ಪೋರ್ಚುಗೀಸ್ ನಾಣ್ಯ ಅಚ್ಚು ಹಾಕುವುದು. ಆಗ ಇಂಗ್ಲೆಂಡಿನಲ್ಲಿ ಪೋರ್ಚುಗಲ್ಲಿನ ಚಿನ್ನವೂ ನಡೆಯುತ್ತಿತ್ತು. ಊರಿನವರೇ ಪಾಲಿನಾಸೆಗೆ ತಮ್ಮ ಗಿನಿಗಳನ್ನು ಎರವಲು ಕೊಡುತ್ತಿದ್ದರು. ಕೈಗೆ ಕಾಸು ಸಿಗದ ನೇಕಾರನಿಗೆ ಇದು ಅಪರಾಧವೆಂದು ತೋರಿರಲಾರದು. ತನಿಖೆಗಿಳಿದ ಅಬಕಾರಿ ಅಧಿಕಾರಿ ವಿಲಿಯಂ ಡೈಟನ್ 1769ರಲ್ಲಿ ಹ್ಯಾಲಿಫ್ಯಾಕ್ಸಿನಲ್ಲಿ ಕೊಲೆಯಾದ. 1770ರ ಏಪ್ರಿಲಿನಲ್ಲಿ ಹಾರ್ಟ್ಲಿಯನ್ನು ಯಾರ್ಕ್‌ನಲ್ಲಿ ಗಲ್ಲಿಗೇರಿಸಿದರು. ಅವನ ಸಮಾಧಿಗಲ್ಲಿನ ಮೇಲೆ ಬಂದವರು ಈಗಲೂ ಚಿಲ್ಲರೆ ಕಾಸು ಇಟ್ಟು ಹೋಗುತ್ತಾರೆ.

ಅದೇ ಅಂಗಳದಲ್ಲಿ ಚರ್ಚುಗಳು ಎರಡು. 13ನೇ ಶತಮಾನದ ಮೂಲದ ಹಳೆಯದು 1847ರ ಬಿರುಗಾಳಿಗೆ ಜಖಂಗೊಂಡಿತು. ಕೆಡವದೆ ಪಕ್ಕದಲ್ಲೇ ಹೊಸದು ಕಟ್ಟಿದರು. ಹಳೆಯದರ ಚಾವಣಿಯಿಲ್ಲದ ಕಮಾನುಗಳ ಕೆಳಗೆ ಸಮಾಧಿಗಲ್ಲುಗಳೇ ನೆಲಹಾಸು. ಅಲ್ಲೇ ಸಮೀಪ 1764ರ ಎಂಟು ಮೂಲೆಯ ಮೆಥಡಿಸ್ಟ್ ಪ್ರಾರ್ಥನಾಮಂದಿರವಿದೆ. ಆ ಪಂಥದ ಸ್ಥಾಪಕ ಜಾನ್ ವೆಸ್ಲಿ ಇಲ್ಲಿ ಉಪದೇಶ ಮಾಡಿದ್ದ. 

ಆಮೇಲೆ ಯಂತ್ರ ಬಂತು. ಅದಕ್ಕೆ ಮೊದಲು ಬೇಕಾದದ್ದು ಹರಿಯುವ ನೀರು, ನಂತರ ಕಲ್ಲಿದ್ದಲು. ಎರಡೂ ಗುಡ್ಡ ಹತ್ತುವುದಿಲ್ಲ. ಗಿರಣಿಗಳು ಕಣಿವೆಯಲ್ಲಿ ಎದ್ದವು. ಅಲ್ಲಿಗೇ ರಾಚ್‌ಡೇಲ್ ಕಾಲುವೆ, 1840ರ ಹೊತ್ತಿಗೆ ರೈಲು ಬಂದವು; ಕೆಲಸ ಹುಡುಕಿಕೊಂಡು ಜನ ಕೆಳಗಿಳಿದರು. ಹೆಬ್ಡನ್ ಬ್ರಿಜ್ ದಪ್ಪ ಹತ್ತಿಬಟ್ಟೆಯ ಷರಾಯಿಗಳಿಗೆ ಹೆಸರಾಯಿತು. ಮೇಲಿನ ಊರಿನಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟುವ ದುಡ್ಡಾಗಲಿ ಕಾರಣವಾಗಲಿ ಉಳಿಯಲಿಲ್ಲ. ಪ್ರವಾಸಿಗರು ಇಂದು ಮೆಚ್ಚುವ ಅಂದವನ್ನು ಕಾಪಾಡಿದ್ದು ಕಲಾಪ್ರೇಮವಲ್ಲ, ಬಡತನ.

ಸಾಹಿತ್ಯದ ಓದುಗರು ಬರುವುದು ಬೇರೆ ಕಾರಣಕ್ಕೆ. ಕವಿ ಟೆಡ್ ಹ್ಯೂಸ್ ಹುಟ್ಟಿದ್ದು ಇದೇ ಕಣಿವೆಯ ಮಿಥಮ್‌ರಾಯ್ಡ್‌ನಲ್ಲಿ. 1963ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ಅವನ ಹೆಂಡತಿ, ಅಮೆರಿಕದ ಕವಯಿತ್ರಿ ಸಿಲ್ವಿಯಾ ಪ್ಲಾತ್‌ಳನ್ನು ಮಣ್ಣು ಮಾಡಿದ್ದು ಹೆಪ್ಟನ್‌ಸ್ಟಾಲಿನಲ್ಲಿ. ಕಲ್ಲಿನ ಮೇಲಿದ್ದ ಹ್ಯೂಸ್ ಎಂಬ ಹೆಸರನ್ನು ಸಿಟ್ಟಾದ ಅಭಿಮಾನಿಗಳು ಮತ್ತೆ ಮತ್ತೆ ಕೆತ್ತಿ ತೆಗೆದದ್ದೂ ಉಂಟು. ಹೋಗುವವರಿಗೆ ಒಂದು ಮಾತು: ಆ ಸಮಾಧಿ ಪಾಳುಚರ್ಚಿನ ಅಂಗಳದಲ್ಲಿ ಇಲ್ಲ. ಓಣಿ ದಾಟಿದರೆ ಸಿಗುವ ಹೊಸ ಸ್ಮಶಾನದಲ್ಲಿ ಹುಡುಕಿ.